ನಾದಕ್ಕಾಗಿ ಕಾಯುವುದೂ ಒಂದು ಪೂಜೆ



ಬಸವಣ್ಣನವರ ವಚನಗಳಲ್ಲಿ ಸಂಗೀತದ ಪ್ರಸ್ತಾಪ ಬರುವ ಎಡೆಗಳು ಹಲವಿವೆ. ಅವುಗಳಲ್ಲಿ ನಮ್ಮ ನಾಡಿನ ಗಾಯಕರ ಕಂಠದಲ್ಲಿ ಮತ್ತೆ ಮತ್ತೆ ಕೇಳಿಬರುವ ಒಂದು ವಚನವನ್ನು ತಾವೆಲ್ಲರೂ ಬಲ್ಲಿರಿ. ಅಲ್ಲಿ ಅಣ್ಣನವರು ತಮ್ಮ ಮೈಯನ್ನೇ ವೀಣೆಯಾಗಿ ಮಾಡಿಕೊಳ್ಳುವಂತೆ ಕೂಡಲಸಂಗಮನಾಥನನ್ನು ಬೇಡಿಕೊಳ್ಳುತ್ತಾರೆ. ಮೈಯೇ ವೀಣೆಯ ಕೋಲು, ಶಿರಸ್ಸೇ ಅದರ ಬುರುಡೆ, ನರಗಳೇ ತಂತಿಗಳು. ಈ ವಚನವನ್ನು ಓದುವಾಗ ನಮ್ಮ ಗಮನವೆಲ್ಲ ಸಾಮಾನ್ಯವಾಗಿ ವೀಣೆಯ ಅಂಗಾಂಗಗಳ ಹೋಲಿಕೆಯ ಚೆಲುವಿನಲ್ಲೇ ನಿಂತುಬಿಡುತ್ತದೆ. ಆದರೆ ಅದರ ತಿರುಳು ಬೇರೊಂದೆಡೆ ಇದೆ ಎಂಬುದು ನಮ್ಮ ಭಾವನೆ. ಅಣ್ಣನವರು ‘ನಾನು ನುಡಿಸುತ್ತೇನೆ, ನೀನು ಕೇಳು’ ಎಂಬ ನಿಲುವಿನಲ್ಲಿ ನಿಂತಿಲ್ಲ. ‘ನಾನು ವಾದ್ಯವಾಗಿರುತ್ತೇನೆ, ನುಡಿಸುವವನು ನೀನಾಗು’ ಎಂಬ ನಿಲುವಿನಲ್ಲಿ ನಿಂತಿದ್ದಾರೆ. ವಾದ್ಯವು ತನ್ನಷ್ಟಕ್ಕೆ ತಾನೇ ನುಡಿಯಲಾರದು. ಶ್ರುತಿಗೊಂಡು, ಸಿದ್ಧವಾಗಿ, ನುಡಿಸುವ ಬೆರಳಿಗಾಗಿ ಅದು ಕಾಯಬೇಕು. ಹಾಗೆ ಸಿದ್ಧವಾಗಿ ಕಾಯುವುದೇ ಒಂದು ಬಗೆಯ ಪೂಜೆ.

ಈ ಮಾತನ್ನು ಇಂದು ನೆನೆಯಲು ಕಾರಣವಿದೆ. ಕಡೂರು, ತರೀಕೆರೆ, ಅಜ್ಜಂಪುರಗಳ ನಮ್ಮ ಸೀಮೆಯಲ್ಲಿ ಸಂಗೀತದ ಹುಚ್ಚು ಹತ್ತಿದ ಕೆಲವು ಹಿರಿಯರಿದ್ದಾರೆ. ತೆಂಗು, ಅಡಿಕೆ, ಈರುಳ್ಳಿಯ ಲೆಕ್ಕಾಚಾರದ ನಡುವೆಯೂ ಅವರಿಗೆ ವರ್ಷದಲ್ಲಿ ಎರಡು ದಿನಾಂಕಗಳು ಮಾತ್ರ ಮರೆಯುವುದಿಲ್ಲ. ಒಂದು, ಧಾರವಾಡ ಜಿಲ್ಲೆಯ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಸ್ಮರಣೆಗಾಗಿ ನಡೆಯುವ ಸಂಗೀತೋತ್ಸವ. ಇನ್ನೊಂದು, ಅದೇ ಗುರುವಿನ ಹೆಸರಿನಲ್ಲಿ ಡಿಸೆಂಬರ್ ತಿಂಗಳಿನಲ್ಲಿ ಪುಣೆಯಲ್ಲಿ ನಡೆಯುವ ಮಹೋತ್ಸವ. ತಿಂಗಳುಗಳ ಮೊದಲೇ ಅವರ ಮಾತು ಆರಂಭವಾಗುತ್ತದೆ: ಈ ಸಲ ಯಾರು ಹಾಡುತ್ತಾರೆ, ಯಾವ ಹೊಸ ಹುಡುಗನಿಗೆ ಅವಕಾಶ ಸಿಕ್ಕಿದೆ, ಕೊನೆಯ ಕಛೇರಿ ಯಾರದು. ಹೊರಗಿನವರಿಗೆ ಇದು ವೃಥಾ ಹರಟೆಯಂತೆ ತೋರೀತು. ನಮಗೆ ಮಾತ್ರ ಅದು ವೀಣೆಯ ತಂತಿಯನ್ನು ಬಿಗಿಗೊಳಿಸುವ ಕ್ರಿಯೆಯಂತೆ ಕಂಡಿದೆ.

ಕುಂದಗೋಳಕ್ಕೂ ನಮ್ಮ ಸೀಮೆಗೂ ಒಂದು ಹಳೆಯ ನಂಟುಂಟು. ಅದು ಕಬ್ಬಿಣದ ನಂಟು. ಕಡೂರು, ಬೀರೂರು, ಅಜ್ಜಂಪುರದ ನಿಲ್ದಾಣಗಳಲ್ಲಿ ಹುಬ್ಬಳ್ಳಿಯ ಕಡೆಯ ರೈಲು ಹತ್ತಿದರೆ ಹೊಸದುರ್ಗ ರಸ್ತೆ, ಚಿಕ್ಕಜಾಜೂರು, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಹಾವೇರಿಗಳನ್ನು ದಾಟಿ, ಹುಬ್ಬಳ್ಳಿಗೆ ಸ್ವಲ್ಪ ಮುನ್ನ ಬರುವ ಪುಟ್ಟ ನಿಲ್ದಾಣವೇ ಕುಂದಗೋಳ. ತರೀಕೆರೆಯವರು ಶಿವಮೊಗ್ಗದ ಕವಲು ದಾರಿಯಿಂದ ಬೀರೂರಿಗೆ ಬಂದು ಅಲ್ಲಿ ಗಾಡಿ ಬದಲಿಸಬೇಕು, ಅಷ್ಟೆ. ಈ ಒಂದೇ ಹಳಿಯ ಮೇಲೆ ಕನ್ನಡ ನಾಡಿನ ಹಿಂದೂಸ್ತಾನಿ ಸಂಗೀತದ ಅರ್ಧ ಚರಿತ್ರೆಯೇ ಓಡಾಡಿದೆಯೆಂದರೆ ಉತ್ಪ್ರೇಕ್ಷೆಯಾಗಲಾರದು. ಹುಬ್ಬಳ್ಳಿಯಲ್ಲಿ ನೆಲೆಸಿದ್ದ ಗಂಗೂಬಾಯಿ ಹಾನಗಲ್ಲ ಅವರು ಪಾಠಕ್ಕಾಗಿ ಕುಂದಗೋಳಕ್ಕೆ ರೈಲಿನಲ್ಲಿಯೇ ಹೋಗಿಬರುತ್ತಿದ್ದರು. ಗುರುವಿನ ಮನೆಯಲ್ಲಿ ಪಾಠ, ಮತ್ತೆ ಸಂಜೆಯ ಗಾಡಿಗೆ ಮರಳಿಕೆ. ಹೆಣ್ಣುಮಗಳೊಬ್ಬಳು ಸಂಗೀತಕ್ಕಾಗಿ ಹೀಗೆ ಓಡಾಡುವುದನ್ನು ಸಮಾಜವು ಕೊಂಕುಗಣ್ಣಿನಿಂದ ನೋಡುತ್ತಿದ್ದ ಕಾಲವದು. ಆ ತಾಯಿಯ ಕಂಠದಲ್ಲಿ ನಾವು ಕೇಳಿದ ಗಾಂಭೀರ್ಯಕ್ಕೆ ಆ ಓಡಾಟದ ತಪಸ್ಸೂ ಒಂದು ಕಾರಣವಾಗಿರಬೇಕು.

ಕುಂದಗೋಳದ ಆ ಗುರು ಯಾರು? ರಾಮಭಾವು ಕುಂದಗೋಳಕರ ಎಂಬುದು ಅವರ ಹೆಸರು. 1886ರಲ್ಲಿ ಜನಿಸಿ 1952ರಲ್ಲಿ ದೇಹವಿಟ್ಟ ಅವರು ಕಿರಾಣಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಶಿಷ್ಯರು. ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರ ವಹಿಸಿ ಹಾಡಿ ಹೆಸರಾದವರು. ಸವಾಯಿ ಗಂಧರ್ವ ಎಂಬ ಬಿರುದೇ ಕೊನೆಗೆ ಅವರ ಹೆಸರಾಗಿ ನಿಂತಿತು. ಮುಸಲ್ಮಾನ ಗುರುವಿನ ಕಾಲ ಬಳಿ ಕುಳಿತು ಕಲಿತ ಬ್ರಾಹ್ಮಣ ಶಿಷ್ಯ. ಆ ಶಿಷ್ಯನ ಕಾಲ ಬಳಿ ಕುಳಿತು ಕಲಿತವರಲ್ಲಿ ಗಂಗೂಬಾಯಿಯವರೂ ಇದ್ದರು, ಪಾರಸಿ ಮತದ ಫಿರೋಜ್ ದಸ್ತೂರ್ ಅವರೂ ಇದ್ದರು, ಗದಗಿನ ಹುಡುಗ ಭೀಮಸೇನ ಜೋಶಿಯೂ ಇದ್ದರು. ಕುಲವನ್ನು ಕೇಳದೆ ಅರಿವನ್ನೇ ಗುರುವೆಂದು ಬಗೆದ ಶರಣರ ದಾರಿಗೆ ಸಂಗೀತದ ಮನೆ ಎಷ್ಟು ಹತ್ತಿರವಿತ್ತೆಂಬುದಕ್ಕೆ ಬೇರೆ ನಿದರ್ಶನ ಬೇಕೆ?

ಭೀಮಸೇನರ ಕಥೆ ನಮ್ಮಲ್ಲಿ ಮನೆಮಾತಾಗಿದೆ. ಆದರೂ ಒಂದು ಅಂಶವನ್ನು ಇಲ್ಲಿ ನೆನೆಯಬೇಕು. 1922ರಲ್ಲಿ ಹುಟ್ಟಿದ ಆ ಬಾಲಕ, ಗದಗಿನ ಅಂಗಡಿಯೊಂದರಲ್ಲಿ ಅಬ್ದುಲ್ ಕರೀಮ್ ಖಾನರ ಝಿಂಝೋಟಿ ಠುಮರಿಯ ಮುದ್ರಿಕೆಯನ್ನು ಕೇಳಿ, ಹಾಗೆ ಹಾಡುವುದನ್ನು ಕಲಿಯಲೇಬೇಕೆಂದು 1933ರಲ್ಲಿ ಮನೆ ಬಿಟ್ಟು ಓಡಿದ. ಕೈಯಲ್ಲಿ ಹಣವಿಲ್ಲ, ರೈಲಿಗೆ ಟಿಕೆಟ್ಟಿಲ್ಲ. ಗ್ವಾಲಿಯರ್, ಕಲ್ಕತ್ತ, ಜಲಂಧರ ಎಂದು ಉತ್ತರ ಭಾರತವನ್ನೆಲ್ಲ ಸುತ್ತಿದ. ಜಲಂಧರದಲ್ಲಿ ಅವನನ್ನು ಕಂಡ ವಿನಾಯಕರಾವ್ ಪಟವರ್ಧನರು, ‘ಇಷ್ಟು ದೂರ ಏಕೆ ಬಂದೆ? ನಿನ್ನ ಸೀಮೆಯಲ್ಲೇ ಸವಾಯಿ ಗಂಧರ್ವರಿದ್ದಾರಲ್ಲ’ ಎಂಬರ್ಥದ ಮಾತನ್ನು ಹೇಳಿದರು. ಸಾವಿರಾರು ಮೈಲು ಅಲೆದು ಹುಡುಕಿದ ಗುರು ಇದ್ದದ್ದು ತನ್ನ ಮನೆಯ ನೆರೆಯಲ್ಲಿ! ಮನೆಯೊಳಗಿರುವ ಲಿಂಗವನ್ನು ಕಾಣದೆ ತೀರ್ಥಕ್ಷೇತ್ರಗಳಿಗೆ ಅಲೆಯುವ ನಮ್ಮ ಸ್ಥಿತಿಯನ್ನು ಶರಣರು ಎಷ್ಟು ಬಗೆಯಲ್ಲಿ ಎಚ್ಚರಿಸಲಿಲ್ಲ! ಕುಂದಗೋಳಕ್ಕೆ ಬಂದ ಮೇಲೂ ಪಾಠವು ಕೂಡಲೇ ಆರಂಭವಾಗಲಿಲ್ಲ. ದೂರದಿಂದ ಕೊಡಗಳಲ್ಲಿ ನೀರು ಹೊತ್ತು ತರುವುದು, ಮನೆಗೆಲಸ ಮಾಡುವುದು, ಇತರರ ಪಾಠಕ್ಕೆ ಕಿವಿಗೊಡುವುದು, ಇವೇ ಮೊದಲ ಪಾಠಗಳಾದವು. ಕಾಯುವುದನ್ನು ಕಲಿತ ಮೇಲೆಯೇ ಹಾಡುವುದನ್ನು ಕಲಿತದ್ದು.

ಗುರು ತೀರಿಕೊಂಡ ಮರುವರ್ಷ, ಅಂದರೆ 1953ರಲ್ಲಿ, ಪುಣೆಯಲ್ಲಿ ಭೀಮಸೇನರು ತಮ್ಮ ಗುರುಬಂಧುಗಳ ಹಾಗೂ ಗುರುವಿನ ಕುಟುಂಬದವರ ಸಹಕಾರದಿಂದ ಈ ಉತ್ಸವಕ್ಕೆ ನಾಂದಿ ಹಾಡಿದರು. ಮುಂದೆ ದಶಕಗಳ ಕಾಲ ಅದರ ಹೊಣೆಯನ್ನು ಹೊತ್ತವರು ಅವರೇ. ಯಾರನ್ನು ಕರೆಯಬೇಕು, ಯಾವ ರಾತ್ರಿ ಯಾರು ಹಾಡಬೇಕು, ಯಾರ ನಂತರ ಯಾರು ಕುಳಿತರೆ ರಾತ್ರಿಯ ಹದ ಕೆಡುವುದಿಲ್ಲ ಎಂಬುದನ್ನೆಲ್ಲ ನಿರ್ಧರಿಸುವಲ್ಲಿ ಒಬ್ಬ ಹಾಡುಗಾರನ ಕಿವಿ ಕೆಲಸ ಮಾಡುತ್ತಿತ್ತು. ಕಿರಾಣಾ ಘರಾಣೆಯವರೇ ಇರಲಿ ಎಂಬ ಹಟ ಅಲ್ಲಿರಲಿಲ್ಲ. ಜೈಪುರ–ಅತ್ರೌಲಿಯ ಮಲ್ಲಿಕಾರ್ಜುನ ಮನಸೂರರು ಅಲ್ಲಿ ಹಾಡಿದರು. ವಾದ್ಯ, ನೃತ್ಯಗಳಿಗೂ ಅಲ್ಲಿ ಎಡೆಯಿತ್ತು. ಕಿರಿಯರಿಗೆ ದೊಡ್ಡ ಸಭೆಯ ಮುಂದೆ ಕುಳಿತುಕೊಳ್ಳುವ ಭಾಗ್ಯ ದೊರೆಯಿತು. ಉತ್ಸವದ ಕೊನೆಯಲ್ಲಿ ಹಾಡುತ್ತಿದ್ದವರು ಭೀಮಸೇನರು. ಎಲ್ಲ ಮುಗಿದ ಬಳಿಕ ಸವಾಯಿ ಗಂಧರ್ವರ ಭೈರವಿ ಠುಮರಿಯ ಹಳೆಯ ಮುದ್ರಿಕೆಯನ್ನು ಕೇಳಿಸಿ, ಗುರುವಿನ ದನಿಯಲ್ಲಿಯೇ ಉತ್ಸವವನ್ನು ಮುಗಿಸುವ ಪದ್ಧತಿ ಬೆಳೆದುಬಂತು.

ಇಲ್ಲಿ ತಾವು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಕೊನೆಯಲ್ಲಿ ಹಾಡುವುದು ಹಿರಿತನದ ಗುರುತು ಎಂದು ಲೋಕ ತಿಳಿಯುತ್ತದೆ. ಅದು ನಿಜವೂ ಹೌದು. ಆದರೆ ಕೊನೆಯಲ್ಲಿ ಹಾಡುವವನು ಉಳಿದವರೆಲ್ಲರ ಹಾಡನ್ನು ಮೊದಲು ತುಂಬಿಸಿಕೊಳ್ಳಬೇಕು. ತನಗಿಂತ ಮುಂಚೆ ಹಾಡಿದ ಕಿರಿಯನೊಬ್ಬ ಸಭೆಯನ್ನು ಗೆದ್ದುಬಿಟ್ಟರೆ ಅದನ್ನು ಸಂತೋಷದಿಂದ ಸಹಿಸಬೇಕು. ಆತಿಥೇಯನಾಗಿ ಎಲ್ಲರಿಗೂ ಎಡೆ ಬಡಿಸಿದ ಮೇಲೆಯೇ ತನ್ನ ಎಡೆಗೆ ಕೂರಬೇಕು. ದಾಸೋಹದ ಮನೆಯಲ್ಲಿ ಬಡಿಸುವವನು ಕೊನೆಯಲ್ಲಿ ಉಣ್ಣುತ್ತಾನೆ. ಭೀಮಸೇನರು ಕೊನೆಯಲ್ಲಿ ಹಾಡುತ್ತಿದ್ದುದನ್ನು ನಾವು ಆ ಕಣ್ಣಿನಿಂದ ಕಾಣುತ್ತೇವೆ. ಅದಕ್ಕೂ ಮೇಲೆ ಇನ್ನೊಂದು ಎಡೆ ಇತ್ತು: ಗುರುವಿನ ಮುದ್ರಿಕೆಯದು. ಭಾರತರತ್ನಕ್ಕೆ ಪಾತ್ರನಾದ ಗಾಯಕನ ಉತ್ಸವದಲ್ಲಿಯೂ ಕೊನೆಯ ದನಿ ಅವನದಲ್ಲ! ಭೀಮಸೇನರು 2011ರ ಜನವರಿ 24ರಂದು ಬಯಲಾದರು. ಆ ಬಳಿಕ ಉತ್ಸವದ ಹೆಸರಿನಲ್ಲಿ ಗುರುವಿನ ಜೊತೆಗೆ ಶಿಷ್ಯನ ಹೆಸರೂ ಸೇರಿತು. ಈಗಲೂ ಅದು ನಡೆಯುತ್ತಿದೆ, ಈಗಲೂ ಜನ ಕಾಯುತ್ತಾರೆ.

ಕಲಾವಿದನೇ ಆಯ್ದು ಕಟ್ಟಿದ ಉತ್ಸವಕ್ಕೂ ಸಮಿತಿಯೊಂದು ಕೂಡಿ ಮಾಡಿದ ಉತ್ಸವಕ್ಕೂ ವ್ಯತ್ಯಾಸವೇನೆಂದು ಕೆಲವರು ಕೇಳಬಹುದು. ವ್ಯತ್ಯಾಸ ಬಹಳವಿದೆ. ಸಮಿತಿಯು ಮೊದಲು ಹೆಸರನ್ನು ನೋಡುತ್ತದೆ, ಆಮೇಲೆ ಸಮಯವನ್ನು ನೋಡುತ್ತದೆ. ಹಾಡನ್ನು ನೋಡುವುದು ಕೊನೆಯಲ್ಲಿ. ಕಲಾವಿದನು ಮೊದಲು ಹಾಡನ್ನೇ ಕೇಳುತ್ತಾನೆ. ತೋಡಿ ಬೆಳಗಿನ ರಾಗ, ಮುಲ್ತಾನಿ ಇಳಿಹೊತ್ತಿನದು, ಪೂರಿಯಾ ಸಂಜೆಯದು ಎಂಬ ಅರಿವು ಅವನ ಮೈಯಲ್ಲಿಯೇ ಇರುವುದರಿಂದ ಯಾವ ಗಾಯಕನನ್ನು ಯಾವ ಹೊತ್ತಿಗೆ ಕೂರಿಸಬೇಕೆಂಬುದು ಅವನಿಗೆ ತಿಳಿದಿರುತ್ತದೆ. ಹೆಸರಿಲ್ಲದ ಊರಿನಲ್ಲಿ ಹತ್ತು ವರ್ಷ ಒಂದೇ ತಂಬೂರಿಯ ಮುಂದೆ ಕುಳಿತ ಹುಡುಗಿಯ ಸುದ್ದಿ ಅವನ ಕಿವಿಗೆ ಬಿದ್ದಿರುತ್ತದೆ; ಸಮಿತಿಯ ಕಿವಿಗೆ ಬಿದ್ದಿರುವುದಿಲ್ಲ. ಆದುದರಿಂದಲೇ ಅಂತಹ ಉತ್ಸವಕ್ಕಾಗಿ ಕಾಯುವವನ ಮನಸ್ಸಿನಲ್ಲಿ ಒಂದು ನಂಬಿಕೆ ಇರುತ್ತದೆ: ನನಗೆ ಗೊತ್ತಿರುವುದು ಮಾತ್ರವಲ್ಲ, ಗೊತ್ತಿಲ್ಲದ ಒಳಿತೊಂದು ಅಲ್ಲಿ ನನಗಾಗಿ ಕಾದಿದೆ ಎಂಬ ನಂಬಿಕೆ. ಕಾಯುವಿಕೆ ನಮ್ಮ ಕಡೆಯಿಂದ ಮಾತ್ರವಲ್ಲ, ಆ ಕಡೆಯಿಂದಲೂ ಇದೆ ಎಂದಾಯಿತು.

ಈ ಮಾತುಗಳನ್ನು ಬರೆಯುವಾಗ ನನ್ನದೊಂದು ತಪ್ಪನ್ನು ಮುಚ್ಚಿಟ್ಟುಕೊಳ್ಳಲಾರೆ. ಹಲವು ವರ್ಷಗಳ ಹಿಂದೆ ನಮ್ಮ ಸೀಮೆಯ ಒಂದು ಊರಿನಲ್ಲಿ ಜಯಂತಿ ಕಾರ್ಯಕ್ರಮ. ವೇದಿಕೆಯ ನಿರ್ವಹಣೆ ನನ್ನ ಪಾಲಿಗೆ ಬಂದಿತ್ತು. ಪ್ರಾರಂಭದಲ್ಲಿ ವಚನ ಗಾಯನಕ್ಕೆಂದು ಹೈಸ್ಕೂಲಿನಲ್ಲಿ ಓದುವ ಒಬ್ಬ ಬಾಲಕಿಯನ್ನು ಕರೆಸಿದ್ದೆವು. ಮೂರು ತಿಂಗಳಿನಿಂದ ಒಂದೇ ವಚನವನ್ನು ಅಭ್ಯಾಸ ಮಾಡಿದ್ದಾಳೆಂದು ಅವಳ ತಾಯಿ ನನ್ನ ಬಳಿ ಸಂಕೋಚದಿಂದ ಹೇಳಿದ್ದರು. ಹುಡುಗಿ ಕಣ್ಣು ಮುಚ್ಚಿ ಷಡ್ಜವನ್ನು ಹಿಡಿದಳು. ನಿಧಾನವಾಗಿ ಆಲಾಪ ಬಿಚ್ಚಿಕೊಳ್ಳತೊಡಗಿತು. ಅಷ್ಟರಲ್ಲಿ ಅತಿಥಿಗಳ ಕಾರು ಬಂದಿತೆಂಬ ಸುದ್ದಿ ಬಂತು. ನಾನು ಒಂದು ಚೀಟಿ ಬರೆದು ಅವಳ ಮುಂದಿಟ್ಟೆ: ‘ಬೇಗ ಮುಗಿಸಮ್ಮ.’ ಅವಳು ಕಣ್ಣು ತೆರೆದು ಚೀಟಿಯನ್ನು ಓದಿದಳು. ವಚನದ ಎರಡು ಸಾಲನ್ನು ಅವಸರದಿಂದ ಹೇಳಿ ಎದ್ದುಬಿಟ್ಟಳು. ಬಳಿಕ ಸನ್ಮಾನ, ಹಾರ, ಶಾಲು, ನೆನಪಿನ ಕಾಣಿಕೆ, ಪ್ರಾಸ್ತಾವಿಕ ನುಡಿ ಎಂದು ಎರಡು ಗಂಟೆಗೂ ಹೆಚ್ಚು ಕಾಲ ನಡೆಯಿತು. ಅಂದು ಭಾಷಣ ಮಾಡಿದವರೊಬ್ಬರು ಆಯ್ದುಕೊಂಡ ವಿಷಯ ಮೈಯನ್ನು ವೀಣೆಯಾಗಿಸಿದ ಅದೇ ವಚನ! ಎದುರಿಗೆ ಶ್ರುತಿಗೊಂಡು ನುಡಿಯುತ್ತಿದ್ದ ವೀಣೆಯನ್ನು ಮಡಿಸಿಟ್ಟು ನಾವು ವೀಣೆಯ ವಿಚಾರವಾಗಿ ಭಾಷಣ ಕೇಳಿದೆವು. ಆ ಮಗು ಮತ್ತೆ ನಮ್ಮ ವೇದಿಕೆಗೆ ಬರಲಿಲ್ಲ. ಕರೆದಾಗ ಅವಳ ತಾಯಿ, ‘ಅವಳಿಗೆ ಓದು ಜಾಸ್ತಿ ಆಗಿದೆ’ ಎಂದಷ್ಟೇ ಹೇಳಿದರು. ಆ ಚೀಟಿಯ ಅಕ್ಷರಗಳು ನನ್ನವು. ಅದನ್ನು ಬೇರೆ ಯಾರ ಮೇಲೂ ಹೊರಿಸಲಾರೆ.

ವಚನಗಳು ಇಂದು ಜನರ ನಾಲಗೆಯ ಮೇಲೆ ಉಳಿದಿರುವುದರಲ್ಲಿ ಗ್ರಂಥಗಳ ಪಾಲು ಎಷ್ಟಿದೆಯೋ ಗಾಯಕರ ಪಾಲೂ ಅಷ್ಟೇ ಇದೆ. ಹಾನಗಲ್ಲ ಕುಮಾರ ಶಿವಯೋಗಿಗಳ ಆಶ್ರಯದಲ್ಲಿ ಬೆಳೆದ ಅಂಧ ಗಾಯಕ ಪಂಚಾಕ್ಷರಿ ಗವಾಯಿಗಳು, ಅವರ ತರುವಾಯ ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ಬೆಳೆಸಿ 2010ರವರೆಗೆ ಬಾಳಿದ ಪುಟ್ಟರಾಜ ಗವಾಯಿಗಳು, ಕಣ್ಣಿಲ್ಲದ ಎಷ್ಟೋ ಮಕ್ಕಳಿಗೆ ಅನ್ನವನ್ನೂ ನಾದವನ್ನೂ ಕೊಟ್ಟರು. ಪಂಚಾಕ್ಷರಿ ಗವಾಯಿಗಳ ಶಿಷ್ಯ ಬಸವರಾಜ ರಾಜಗುರುಗಳು ವಚನಗಳನ್ನು ಹಾಡಿದರು. ಮಲ್ಲಿಕಾರ್ಜುನ ಮನಸೂರರು ಹಾಡುವಾಗಲಂತೂ ವಚನವು ರಾಗಕ್ಕೆ ಹೊದಿಸಿದ ಬಟ್ಟೆಯಂತಿರದೆ ರಾಗವೇ ವಚನದ ಉಸಿರಿನಂತೆ ತೋರುತ್ತಿತ್ತು. ಪುಟ್ಟರಾಜರ ಆಶ್ರಮದಲ್ಲಿ ಹನ್ನೆರಡು ವರ್ಷ ಕಲಿತ ವೆಂಕಟೇಶ ಕುಮಾರರು ಇಂದು ಅದೇ ಬಾಯಿಂದ ವಚನವನ್ನೂ ದಾಸರ ಪದವನ್ನೂ ಹಾಡಿ ಎರಡು ತೊರೆಗಳನ್ನು ಒಂದೇ ಕೆರೆಗೆ ತಂದಿದ್ದಾರೆ. ಇವರೆಲ್ಲರೂ ವಚನವನ್ನು ಸಮಾರಂಭದ ಮುನ್ನುಡಿಯೆಂದು ಹಾಡಿದವರಲ್ಲ. ಹಾಡೇ ಅವರ ಸಮಾರಂಭ.

‘ಶರಣರಿಗೆ ಶಾಸ್ತ್ರೀಯ ಸಂಗೀತವೇಕೆ? ಬಸವಣ್ಣನವರೇ ತಮಗೆ ತಾಳ ಲಯಗಳ ಅರಿವಿಲ್ಲವೆಂದು ಹೇಳಿಕೊಂಡಿದ್ದಾರಲ್ಲ’ ಎಂದು ಕೇಳುವವರುಂಟು. ಆ ಮಾತು ಭಕ್ತನು ತನ್ನ ಸ್ವಾಮಿಯ ಮುಂದೆ ಆಡಿದ ವಿನಯದ ಮಾತು. ನಾವು ಅದನ್ನು ನಮ್ಮ ಸೋಮಾರಿತನಕ್ಕೆ ರಹದಾರಿಯನ್ನಾಗಿ ಮಾಡಿಕೊಳ್ಳಬಾರದು. ಮೈಯನ್ನೇ ವೀಣೆಯೆಂದು ಬಗೆದ ವಚನದಲ್ಲಿ ಮೂವತ್ತೆರಡು ರಾಗಗಳ ಮಾತೂ ಬರುತ್ತದೆಂಬುದನ್ನು ಮರೆಯಬಾರದು. ಅರಿಯದವನ ಮಾತು ಅದಲ್ಲ. ಒಲಿದು ಹಾಡುವವನಿಗೆ ಶಾಸ್ತ್ರವು ಬೇಲಿಯಾಗದಿರಲಿ ಎಂಬುದು ಒಂದು; ಶಾಸ್ತ್ರಕ್ಕಾಗಿ ಬಾಳನ್ನು ಸವೆಸಿದವನನ್ನು ಎರಡು ನಿಮಿಷದಲ್ಲಿ ಎಬ್ಬಿಸುವುದು ಇನ್ನೊಂದು. ಮೊದಲನೆಯದು ಭಕ್ತಿ, ಎರಡನೆಯದು ಅಲಕ್ಷ್ಯ.

ತಿಳಿದವರಿಗೆ ಆಯ್ಕೆಯನ್ನು ಬಿಟ್ಟುಕೊಡುವ ಸಂಸ್ಕಾರ ನಮ್ಮ ನೆಲಕ್ಕೆ ಹೊಸದೇನೂ ಅಲ್ಲ. ತರೀಕೆರೆಗೆ ಹತ್ತಿರದ ಅಮೃತಾಪುರಕ್ಕೆ ಹೋಗಿ ನೋಡಿ. ವೀರಬಲ್ಲಾಳನ ದಂಡನಾಯಕನಾಗಿದ್ದ ಅಮೃತೇಶ್ವರನು 1196ರಲ್ಲಿ ಕಟ್ಟಿಸಿದ ಶಿವಾಲಯವದು. ಹಣ ಅವನದು, ಅಧಿಕಾರ ಅವನದು. ಆದರೆ ಉಳಿಯನ್ನು ಹಿಡಿದವನು ಶಿಲ್ಪಿ ಮಲ್ಲಿತಮ್ಮ. ಶಾಸನಕ್ಕೆ ಪದ್ಯಗಳನ್ನು ಬರೆದವನು ಕವಿ ಜನ್ನ. ದಂಡನಾಯಕನು ಕವಿಗೆ ‘ಬೇಗ ಮುಗಿಸು’ ಎಂದು ಚೀಟಿ ಕಳುಹಿಸಿದ್ದರೆ ಇಂದು ನಮ್ಮ ಕಣ್ಣ ಮುಂದೆ ಆ ದೊಡ್ಡ ಶಾಸನದ ಕಲ್ಲು ಇರುತ್ತಿರಲಿಲ್ಲ. ಎಂಟು ನೂರು ವರ್ಷಗಳ ಬಳಿಕವೂ ದಂಡನಾಯಕನ ಹೆಸರು ಉಳಿದಿರುವುದು ಅವನು ಮಾತನಾಡಿದ್ದರಿಂದಲ್ಲ, ಬಲ್ಲವರಿಗೆ ಎಡೆ ಮಾಡಿಕೊಟ್ಟಿದ್ದರಿಂದ.

ಕಡೂರಿನ ಕಡೆಗೆ ಬನ್ನಿ. ಮೈಸೂರು ಶೈಲಿಯ ಭರತನಾಟ್ಯಕ್ಕೆ ಹೆಸರು ತಂದ ಕೆ. ವೆಂಕಟಲಕ್ಷ್ಮಮ್ಮನವರು 1906ರಲ್ಲಿ ಹುಟ್ಟಿದ್ದು ಇದೇ ಕಡೂರು ಸೀಮೆಯ ತಂಗಲಿ ತಾಂಡ್ಯದಲ್ಲಿ, ಲಂಬಾಣಿ ಕುಟುಂಬವೊಂದರಲ್ಲಿ. ಬಾಲ್ಯದಲ್ಲಿಯೇ ಅವರನ್ನು ಮೈಸೂರಿಗೆ ಕರೆದೊಯ್ದು ಜಟ್ಟಿ ತಾಯಮ್ಮನವರ ಬಳಿ ಕಲಿಕೆಗೆ ಸೇರಿಸಲಾಯಿತು. ಅರಮನೆಯ ಆಸ್ಥಾನ ವಿದುಷಿಯಾಗಿ, ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ನೃತ್ಯದ ಗುರುವಾಗಿ, 1992ರಲ್ಲಿ ಪದ್ಮಭೂಷಣ ಗೌರವವನ್ನು ಪಡೆದು, 2002ರಲ್ಲಿ ಅವರು ಕಣ್ಮುಚ್ಚಿದರು. ತಾಂಡ್ಯದ ಒಬ್ಬ ಬಾಲಕಿಯಲ್ಲಿ ಆ ಕಲೆಯನ್ನು ಗುರುತಿಸಿ ಬೆಳೆಸಲು ಜಟ್ಟಿ ತಾಯಮ್ಮನಂತಹ ಕಲಾವಿದೆಯ ಕಣ್ಣೇ ಬೇಕಾಯಿತು. ನಮ್ಮ ಹಳ್ಳಿಗಳ ವೀರಗಾಸೆಯ ಕುಣಿತದಲ್ಲಿ, ಚಿಟ್ಟಿಮೇಳದ ಬಡಿತದಲ್ಲಿ, ಭಜನೆಯ ಮನೆಗಳಲ್ಲಿ ಇಂದು ಅಂತಹ ಎಷ್ಟು ಮಕ್ಕಳು ಗುರುತಿಸುವ ಕಣ್ಣಿಗಾಗಿ ಕಾಯುತ್ತಿರಬಹುದು?

ಕಾದು ಕೂರುವ ಅಭ್ಯಾಸವೂ ನಮ್ಮವರಿಗೆ ಇಲ್ಲದಿಲ್ಲ. ಅಜ್ಜಂಪುರದ ನೆರೆಯ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನವೆಂಬರ್ ತಿಂಗಳಿನಲ್ಲಿ ನಡೆಯುವ ನಾಟಕೋತ್ಸವಕ್ಕೆ ನಮ್ಮ ಹಳ್ಳಿಗಳಿಂದ ಜನ ಬುತ್ತಿ ಕಟ್ಟಿಕೊಂಡು ಹೋಗುವುದನ್ನು ಕಂಡಿದ್ದೇವೆ. 1997ರಲ್ಲಿ ಆರಂಭವಾದ ಶಿವಸಂಚಾರ ತಂಡವು ಊರಿಂದೂರಿಗೆ ನಾಟಕಗಳನ್ನು ಒಯ್ದು ಹಳ್ಳಿಯವರಲ್ಲಿ ನೋಡುವ ಕಣ್ಣನ್ನು ಬೆಳೆಸಿತು. ಕಣ್ಣು ಬೆಳೆದ ಜನರಿಗೆ ಕಿವಿಯನ್ನು ಬೆಳೆಸಿಕೊಳ್ಳುವುದು ಕಷ್ಟವಾಗಲಾರದು.

ಆದುದರಿಂದ ನಮ್ಮ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇವೆ. ಕಡೂರು, ತರೀಕೆರೆ, ಅಜ್ಜಂಪುರಗಳ ಜಾತ್ರೆ, ಜಯಂತಿ, ಪುಣ್ಯಸ್ಮರಣೆಗಳಲ್ಲಿ ವರ್ಷಕ್ಕೆ ಒಂದು ಸಂಜೆಯನ್ನಾದರೂ ಸಂಗೀತಕ್ಕೆ ಪೂರ್ಣವಾಗಿ ಬಿಟ್ಟುಕೊಡಬೇಕು. ಆ ಸಂಜೆಯ ಆಯ್ಕೆಯನ್ನು ಒಬ್ಬ ಸಂಗೀತಗಾರರ ಕೈಗೆ ಒಪ್ಪಿಸಬೇಕು. ಅಂದು ಸನ್ಮಾನವಿಲ್ಲ, ಭಾಷಣವಿಲ್ಲ. ದೀಪ ಬೆಳಗಿದ ಮೇಲೆ ಶ್ರುತಿ ಮಾತ್ರ. ದಾನಿಗಳ ಹೆಸರನ್ನು ಬಾಗಿಲಲ್ಲಿ ಬರೆದು ಹಾಕೋಣ. ಗಾಯಕರ ಹೊತ್ತನ್ನು ಕತ್ತರಿಸಿ ಓದುವುದು ಬೇಡ.

ಇದಕ್ಕೆ ಒಂದು ಆಕ್ಷೇಪವಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಸಂಗೀತಗಾರರ ಕೈಗೆ ಕೊಟ್ಟರೆ ಅವರು ತಮ್ಮ ಶಿಷ್ಯರನ್ನೇ ತುಂಬಿಸುವುದಿಲ್ಲವೇ ಎಂದು ಹಿರಿಯರೊಬ್ಬರು ನಮ್ಮನ್ನು ಕೇಳಿದರು. ಕಲಾವಿದರೂ ಮನುಷ್ಯರೇ, ಆ ಭಯ ನಿರಾಧಾರವಲ್ಲ. ಅದಕ್ಕೆ ಪರಿಹಾರವೆಂದರೆ ಆಯ್ಕೆಯನ್ನು ಮತ್ತೆ ಸಮಿತಿಗೆ ಒಯ್ಯುವುದಲ್ಲ, ಆಯ್ಕೆಗಾರರನ್ನು ಬದಲಿಸುತ್ತಾ ಹೋಗುವುದು. ಒಂದು ವರ್ಷ ಹಿಂದೂಸ್ತಾನಿ ಗಾಯಕರು, ಮರುವರ್ಷ ಕರ್ನಾಟಕ ಸಂಗೀತದ ವಿದ್ವಾಂಸರು, ಅದರ ಮರುವರ್ಷ ಗಮಕಿಗಳೋ ಜನಪದ ಕಲಾವಿದರೋ. ಯಾರೇ ಆಗಲಿ, ಈ ಮೂರು ತಾಲ್ಲೂಕಿನ ಒಬ್ಬ ಕಿರಿಯರಿಗೆ ಕಡ್ಡಾಯವಾಗಿ ಅವಕಾಶ ಕೊಡಬೇಕು. ಅವರಿಗೆ ಅರ್ಧ ಗಂಟೆಗೆ ಕಡಿಮೆಯಿಲ್ಲದ ಹೊತ್ತು ಸಿಗಬೇಕು. ಖರ್ಚಿನ ಲೆಕ್ಕವನ್ನು ಊರಿನ ಮುಂದೆ ಓದಬೇಕು. ಇಷ್ಟು ಕಟ್ಟಳೆ ಸಾಕು.

ಹೊತ್ತಿನ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಬಯಲಿನಲ್ಲಿ ಅಹೋರಾತ್ರಿ ಸಂಗೀತ ನಡೆಯುತ್ತಿದ್ದ ಕಾಲ ಈಗಿಲ್ಲ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ. ರಾತ್ರಿಯಿಡೀ ನಡೆಯುತ್ತಿದ್ದ ಪುಣೆಯ ಉತ್ಸವವೇ ತನ್ನ ಕ್ರಮವನ್ನು ಬದಲಿಸಿಕೊಳ್ಳಬೇಕಾಯಿತು. ನಿದ್ರೆ ಬೇಕಾದ ರೋಗಿಗಳ, ಮಕ್ಕಳ ದೃಷ್ಟಿಯಿಂದ ಈ ನಿಯಮವನ್ನು ನಾವು ಗೌರವಿಸಬೇಕು. ಆದರೆ ನಡುರಾತ್ರಿಯ, ಬೆಳಗಿನ ಜಾವದ ರಾಗಗಳು ಸಭೆಯಿಂದ ದೂರವಾಗುತ್ತಿರುವುದೂ ನಿಜ. ನಮ್ಮಂತಹ ಚಿಕ್ಕ ಊರುಗಳಿಗೆ ಇಲ್ಲಿ ಒಂದು ಅನುಕೂಲವಿದೆ. ಮುನ್ನೂರು ಜನ ಹಿಡಿಸುವ ಮುಚ್ಚಿದ ಸಭಾಂಗಣದಲ್ಲಿ, ಧ್ವನಿವರ್ಧಕದ ಹಂಗಿಲ್ಲದೆ, ಶಿವಪೂಜೆಯ ಹೊತ್ತಿಗೆ ಒಂದು ತಂಬೂರಿ, ಒಂದು ತಬಲಾ, ಒಂದು ಕಂಠ ಸಾಕು. ತೋಡಿಯನ್ನು ಅದರ ಹೊತ್ತಿನಲ್ಲಿಯೇ ಕೇಳುವ ಭಾಗ್ಯ ಮಹಾನಗರಗಳಿಗಿಂತ ಮೊದಲು ಅಜ್ಜಂಪುರಕ್ಕೆ ದೊರೆಯಬಹುದು.

ಅಲ್ಲಿಯವರೆಗೆ ಏನು ಮಾಡಬೇಕು? ನಮ್ಮನ್ನು ನಾವು ಶ್ರುತಿಗೊಳಿಸಿಕೊಳ್ಳಬೇಕು. ಮುಂದಿನ ಕುಂದಗೋಳದ ಉತ್ಸವಕ್ಕೆ ಮೂರು ತಾಲ್ಲೂಕುಗಳಿಂದ ಹತ್ತು ಜನ ಕಿರಿಯರನ್ನು ಕರೆದುಕೊಂಡು ಒಂದೇ ರೈಲಿನಲ್ಲಿ ಹೋಗೋಣ. ಹೋಗುವ ಮುನ್ನ ವಾರಕ್ಕೊಂದು ರಾಗದಂತೆ, ಒಬ್ಬರ ಮನೆಯ ಪಡಸಾಲೆಯಲ್ಲಿ ಕುಳಿತು ಹಳೆಯ ಮುದ್ರಿಕೆಗಳನ್ನು ಕೇಳೋಣ. ಗಂಗೂಬಾಯಿಯವರದೊಂದು, ಮನಸೂರರದೊಂದು, ರಾಜಗುರುಗಳದೊಂದು, ಭೀಮಸೇನರದೊಂದು. ಕೇಳುವಾಗ ಮೊಬೈಲುಗಳನ್ನು ಹೊರಗಿಡೋಣ. ಅರ್ಥವಾಗದಿದ್ದರೆ ಚಿಂತೆಯಿಲ್ಲ, ನೀರು ಹೊರುವ ದಿನಗಳು ಅವು ಎಂದು ತಿಳಿಯೋಣ. ಕುಂದಗೋಳದ ನಾಡಿಗೇರ ವಾಡೆಯ ಹಳೆಯ ಕಂಬಗಳ ಕೆಳಗೆ ಕುಳಿತಾಗ ಆ ದಿನಗಳ ಬೆಲೆ ತಾನಾಗಿಯೇ ತಿಳಿದೀತು.

ಆ ಬಾಲಕಿ ಈಗ ಎಲ್ಲಿದ್ದಾಳೋ, ಹಾಡುತ್ತಾಳೋ ಇಲ್ಲವೋ ನನಗೆ ತಿಳಿಯದು. ಆದರೆ ನಮ್ಮ ಸೀಮೆಯಲ್ಲಿ ಅಂತಹ ಒಂದು ಸಂಜೆ ಕೂಡಿಬಂದರೆ, ಅಂದು ಮೊದಲು ಷಡ್ಜ ಹಿಡಿಯುವ ಹುಡುಗಿಯ ಮುಂದೆ ಯಾರೂ ಚೀಟಿ ಇಡದಂತೆ ಬಾಗಿಲಲ್ಲಿ ನಿಂತು ಕಾಯುವ ಕೆಲಸವನ್ನು ನನಗೆ ಕೊಡಬೇಕೆಂದು ಕೇಳಿಕೊಳ್ಳುತ್ತೇನೆ. ಪುಣೆಯ ಉತ್ಸವದ ಕೊನೆಯಲ್ಲಿ ಕೇಳಿಸುವ ಆ ಭೈರವಿ, ಪ್ರಿಯನನ್ನು ಕಾಣದೆ ತಳಮಳಿಸುವ ಜೀವದ ಹಾಡು. ದಿನಗಟ್ಟಲೆ ಕೇಳಿ ತಣಿದ ಮೇಲೂ ಹಾಡಿನಲ್ಲಿ ಉಳಿಯುವುದು ತಣಿವಲ್ಲ, ಮತ್ತೆ ಕಾಯುವ ಹಂಬಲ. ಅಕ್ಕನವರು ಚೆನ್ನಮಲ್ಲಿಕಾರ್ಜುನನಿಗಾಗಿ ಕಾದ ಕಾಯುವಿಕೆಗೆ ನಮ್ಮದನ್ನು ಹೋಲಿಸುವ ಯೋಗ್ಯತೆ ನಮಗಿಲ್ಲ. ಆದರೂ ಕಾಯುವವನ ಕಿವಿ ಮಲಗುವುದಿಲ್ಲವೆಂಬುದು ಎರಡಕ್ಕೂ ಸಲ್ಲುವ ಮಾತು. ಕಿವಿ ಎಚ್ಚರವಾಗಿರಲಿ. ಉಳಿದದ್ದು ನುಡಿಸುವವನ ಚಿತ್ತ.